ನ್ಯಾಚೆಜ್: ಬೋರ್ಡು ಓದಲು ಹೋದ ಊರು

ಮೊದಲ ದಿನ

ನ್ಯಾಚೆಜ್ ಟ್ರೇಸ್ ಪಾರ್ಕ್‌ವೇಯಲ್ಲಿ ಗಂಟೆಗೆ 50 ಮೈಲಿ ದಾಟುವಂತಿಲ್ಲ. ಲಾರಿಗಳಿಗೆ ಪ್ರವೇಶವಿಲ್ಲ, ದಾರಿಯುದ್ದಕ್ಕೂ ಒಂದೇ ಒಂದು ಜಾಹೀರಾತು ಕಾಣುವುದಿಲ್ಲ, ರಸ್ತೆ ಮೇಲೆ ಪೆಟ್ರೋಲ್ ಬಂಕೂ ಇಲ್ಲ. ಜಾಕ್ಸನ್‌ನಲ್ಲೇ ಟ್ಯಾಂಕ್ ತುಂಬಿಸಿಕೊಂಡು ಹತ್ತಿದ್ದರಿಂದ ಬಚಾವ್. ಅಟ್ಲಾಂಟಾದಿಂದ ಜಾಕ್ಸನ್‌ವರೆಗೆ ಹೆದ್ದಾರಿಯ ಗದ್ದಲದಲ್ಲಿ ಬಂದವರಿಗೆ ಇಲ್ಲಿ ಕಿವಿಯೇ ಮುಚ್ಚಿಹೋದ ಹಾಗಾಯಿತು. ಎರಡೂ ಬದಿ ಕತ್ತರಿಸಿಟ್ಟಂಥ ಹುಲ್ಲು, ಅದರಾಚೆ ಓಕ್, ಪೈನ್, ಎಲೆ ಮಿರುಗುವ ಮ್ಯಾಗ್ನೋಲಿಯಾ. ಮೇ ತಿಂಗಳ ಸೆಕೆ. ಎ.ಸಿ. ಆರಿಸಿ ಕಿಟಕಿ ಇಳಿಸಿದರೆ ಕನ್ನಡಕದ ಮೇಲೆ ಮಂಜು ಕಟ್ಟುತ್ತದೆ.

ಹಿಂದಿನ ಸೀಟಿನಲ್ಲಿ ಅಮ್ಮ, ಪುಳಿಯೋಗರೆ ಡಬ್ಬಿ, ಚಟ್ನಿಪುಡಿ ಬಾಟಲಿ. ಮುಂದೆ ಅಪ್ಪ. ಅಪ್ಪ ಸರ್ವೆ ಇಲಾಖೆಯಲ್ಲಿ ಇಡೀ ಸರ್ವಿಸ್ ಮುಗಿಸಿ ನಿವೃತ್ತರಾದವರು. ಅಮೆರಿಕಕ್ಕೆ ಬಂದಾಗಿನಿಂದ ಅವರಿಗೆ ಹಿಡಿಸಿದ್ದು ಎರಡೇ: ಉಚಿತ ಗ್ರಂಥಾಲಯ, ಮತ್ತು ರಸ್ತೆ ಬದಿ ಕಂಬದ ಮೇಲೆ ನಿಲ್ಲಿಸಿರುವ ಇತಿಹಾಸದ ಫಲಕಗಳು. ಡಿಸ್ನಿಗೆ ಕರೆದುಕೊಂಡು ಹೋಗುತ್ತೇನೆ ಎಂದರೆ, "ಅಲ್ಲಿ ಓದಕ್ಕೇನಿದೆ?" ಅನ್ನುತ್ತಾರೆ. ಹಾಗಾಗಿ ಫಲಕಗಳು ಹೆಜ್ಜೆಗೊಂದು ಸಿಗುವ ಊರು ಹುಡುಕಿದೆ. ಮಿಸಿಸಿಪಿ ನದಿಯ ದಂಡೆಯ ನ್ಯಾಚೆಜ್ ಸಿಕ್ಕಿತು. ಹದಿನೈದು ಸಾವಿರದೊಳಗಿನ ಜನಸಂಖ್ಯೆ, ಮುನ್ನೂರು ವರ್ಷ ದಾಟಿದ ಚರಿತ್ರೆ.

ಟ್ರೇಸ್ ಅಂದರೆ ಹಳೆಯ ಕಾಲುದಾರಿ. ನ್ಯಾಶ್‌ವಿಲ್‌ನಿಂದ ನ್ಯಾಚೆಜ್‌ವರೆಗೆ 444 ಮೈಲಿ. ಮೊದಲು ಕಾಡುಪ್ರಾಣಿಗಳು, ಆಮೇಲೆ ಮೂಲನಿವಾಸಿಗಳು ಸವೆಸಿದ ದಾರಿ. ಹದಿನೆಂಟನೇ ಶತಮಾನದ ಕೊನೆಗೆ ಕೆಂಟಕಿ ಕಡೆಯ ದೋಣಿಯವರು ಹಿಟ್ಟು, ಹಂದಿಮಾಂಸ, ಹೊಗೆಸೊಪ್ಪು ತುಂಬಿದ ಚಪ್ಪಟೆ ದೋಣಿಗಳನ್ನು ನದಿಯ ಸೆಳವಿಗೆ ಬಿಟ್ಟುಕೊಂಡು ಇಲ್ಲಿಗೆ ಬರುತ್ತಿದ್ದರು. ಸರಕಿನ ಜೊತೆ ದೋಣಿಯನ್ನೂ ಹಲಗೆಯ ಲೆಕ್ಕದಲ್ಲಿ ಮಾರಿ, ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ಈ ದಾರಿಯಲ್ಲಿ ನಡೆದು ಊರು ಸೇರುತ್ತಿದ್ದರು. ಉಗಿಹಡಗು ಬಂದು ನದಿಯ ಎದುರು ದಿಕ್ಕಿಗೂ ಹೋಗುವುದು ಸಾಧ್ಯವಾದ ಮೇಲೆ ಕಾಲುದಾರಿ ಹಾಳುಬಿತ್ತು. 41ನೇ ಮೈಲಿ ದಾಟಿದ ಮೇಲೆ ಅದರ ಒಂದು ತುಂಡು ಹಾಗೇ ಉಳಿದಿದೆ. ನೆಲ ಆಳೆತ್ತರಕ್ಕಿಂತ ಕೆಳಗೆ ಕುಸಿದು ಓಣಿಯಾಗಿದೆ, ಮೇಲೆ ಮರಗಳ ಬೇರು ಜೋತಾಡುತ್ತವೆ. ಇಲ್ಲಿನದು ಗಾಳಿ ತಂದು ಗುಡ್ಡೆ ಹಾಕಿದ ಮೆದು ಮಣ್ಣು. ಅಷ್ಟು ಜನರ ಕಾಲು, ಅಷ್ಟು ಮಳೆ, ಅಷ್ಟು ಸಾಕು ಅದಕ್ಕೆ. ಅಮ್ಮ ಒಳಗಿಳಿದು ಎರಡು ಫೋಟೊ ತೆಗೆಸಿಕೊಂಡು, "ಸೊಳ್ಳೆ" ಎಂದು ಹತ್ತಿ ಬಂದರು.

ಎಮರಾಲ್ಡ್ ಮೌಂಡ್‌ಗೆ ಬರುವಾಗ ಮಧ್ಯಾಹ್ನ ಮೂರು. ಟ್ರೇಸ್ ಬಿಟ್ಟು ಸ್ವಲ್ಪ ಒಳಗೆ ಹೋಗಬೇಕು, ಟಿಕೆಟ್ ಇಲ್ಲ. ಸುಮಾರು 1250ರಿಂದ 1600ರವರೆಗೆ, ನ್ಯಾಚೆಜ್ ಎಂಬ ಮೂಲನಿವಾಸಿ ಜನರ ಹಿರೀಕರು ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ದಿಬ್ಬ ಇದು. ಎಂಟು ಎಕರೆ ವಿಸ್ತಾರ, 35 ಅಡಿ ಎತ್ತರ, ಅದರ ತಲೆಯ ಮೇಲೆ ಮತ್ತೆ ಎರಡು ದಿಬ್ಬ. ಅಪ್ಪ ಹೆಜ್ಜೆ ಹಾಕಿ ಅಳೆದೇಬಿಟ್ಟರು. "ಎಂಟು ಎಕರೆ ಅಂದ್ರೆ ಮುನ್ನೂರಿಪ್ಪತ್ತು ಗುಂಟೆ. ಎತ್ತಿಲ್ಲ, ಗಾಡಿಯಿಲ್ಲ, ಚಕ್ರವೂ ಇಲ್ಲ. ಎಷ್ಟು ಬುಟ್ಟಿ ಆಗಿರಬೇಡ!" ಎನ್ನುತ್ತಾ ಫಲಕದ ಮುಂದೆ ಹುಲ್ಲಿನ ಮೇಲೆ ನಿಂತು ಓದತೊಡಗಿದರು. ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಕುಣಿಯಲಾರಂಭಿಸಿದರು.

ಫೈರ್ ಆ್ಯಂಟ್. ದಕ್ಷಿಣದ ರಾಜ್ಯಗಳ ಹುಲ್ಲಿನಲ್ಲಿ ಎಲ್ಲೆಂದರಲ್ಲಿ ಇವುಗಳ ಪುಟ್ಟ ಮಣ್ಣುಗುಡ್ಡೆ ಇರುತ್ತದೆ, ಕಾಲಿಟ್ಟ ಮೇಲೇ ಗೊತ್ತಾಗುವುದು. ಅಪ್ಪ ಬಾಟಾ ಚಪ್ಪಲಿಯಲ್ಲಿದ್ದರು. ಬಾಟಲಿ ನೀರೆಲ್ಲ ಕಾಲಿಗೆ ಸುರಿದು, ಕೊಡವಿ, ಉಜ್ಜಿದ್ದಾಯಿತು. ಮರುದಿನಕ್ಕೆ ಕೀವಿನ ಬೊಬ್ಬೆ ಎದ್ದಿತು, ಕೆರೆದರೆ ಒಡೆಯುತ್ತದೆ, ಕೆರೆಯದೆ ಇರಲಾಗುವುದಿಲ್ಲ. ಫಲಕ ಓದುವ ಖಯಾಲಿ ಇರುವವರು ಇಲ್ಲಿ ಶೂ, ಕಾಲುಚೀಲ ಹಾಕಿಕೊಂಡೇ ಇಳಿಯಬೇಕು, ನಿಲ್ಲುವ ಮೊದಲು ನೆಲ ನೋಡಬೇಕು. ಕಾರಿನಲ್ಲಿ ಹೈಡ್ರೊಕಾರ್ಟಿಸೋನ್ ಮುಲಾಮು ಇದ್ದರೆ ಇನ್ನೂ ಒಳ್ಳೆಯದು.

ಊರು ಸೇರಿ ಮೋಟೆಲ್‌ನಲ್ಲಿ ಸಾಮಾನು ಇಳಿಸಿದೆವು. ಕೌಂಟರಿನಲ್ಲಿದ್ದವರು ಗುಜರಾತಿನವರು, ಅಪ್ಪನ ವಯಸ್ಸಿನವರೇ. ಅಪ್ಪನ ಹರಕುಮುರುಕು ಹಿಂದಿಗೆ ಅವರು ಖುಷಿಯಾಗಿ ಚಹಾ ತರಿಸಿದರು. ಏನು ನೋಡಲು ಬಂದಿರಿ ಎಂದರು. ಬೋರ್ಡು ಎಂದಾಗ ನಕ್ಕರು. ಇಲ್ಲಿಗೆ ಬರುವವರು ಬಂಗಲೆ ನೋಡುತ್ತಾರೆ, ಕ್ಯಾಸಿನೊಗೆ ಹೋಗುತ್ತಾರೆ, ಮದುವೆ ಮಾಡುತ್ತಾರೆ, ಬೋರ್ಡಿಗಾಗಿ ಬಂದವರು ನೀವೇ ಮೊದಲು ಎಂದರು.

ಸಂಜೆ ಬ್ಲಫ್‌ಗೆ ಹೋದೆವು. ನದಿಯಿಂದ ಇನ್ನೂರಡಿ ಎತ್ತರದ ದಂಡೆ, ಅದರ ಅಂಚಿನಲ್ಲಿ ಉದ್ದಕ್ಕೆ ಪಾರ್ಕು. ಕೆಳಗೆ ಕಂದು ಬಣ್ಣದ ಮಿಸಿಸಿಪಿ, ಆಚೆ ದಡದಲ್ಲಿ ಲೂಸಿಯಾನಾದ ವಿಡಾಲಿಯಾ. ಒಂದು ಟಗ್ ಬೋಟು ಹತ್ತಾರು ಬಾರ್ಜುಗಳನ್ನು ನೂಕಿಕೊಂಡು ಸೇತುವೆಯ ಅಡಿ ತೂರುತ್ತಿತ್ತು. ಕೆಳಗಿನ ದಂಡೆಗೆ 'ಅಂಡರ್ ದಿ ಹಿಲ್' ಎನ್ನುತ್ತಾರೆ, ಒಂದು ಕಾಲಕ್ಕೆ ಕುಡಿತ, ಜೂಜು, ಚಾಕು ಇರಿತಕ್ಕೆ ಹೆಸರಾದ ಬಂದರು. ಈಗ ನದಿ ಮುಕ್ಕಾಲು ಪಾಲು ನುಂಗಿ, ಒಂದು ಬೀದಿ, ನಾಲ್ಕು ಅಂಗಡಿ ಉಳಿದಿವೆ.

1840ರ ಮೇ 7ರಂದು ಈ ನದಿಯ ಮೇಲೇ ಸುಂಟರಗಾಳಿ ನಡೆದು ಬಂತು. ಲೆಕ್ಕಕ್ಕೆ ಸಿಕ್ಕ ಸಾವು 317, ಅಮೆರಿಕದ ಚರಿತ್ರೆಯಲ್ಲೇ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿಗಳಲ್ಲಿ ಒಂದು. ಅದರಲ್ಲಿ 269 ಜನ ನೀರಿನ ಮೇಲಿದ್ದವರು. ಸುತ್ತಲಿನ ಹತ್ತಿ ತೋಟಗಳಲ್ಲಿ ಸತ್ತ ಗುಲಾಮರು ಈ ಲೆಕ್ಕದಲ್ಲಿ ಸೇರಿಲ್ಲ ಎನ್ನುವುದು ಇತಿಹಾಸಕಾರರ ಅನುಮಾನ. ಅಪ್ಪನಿಗೆ ಇದನ್ನು ಹೇಳಿದಾಗ ಅವರು ತಲೆ ಅಲ್ಲಾಡಿಸಿ, "ರಿಜಿಸ್ಟರ್‌ನಲ್ಲಿ ಬರೆಯೋನು ಯಾರು ಅನ್ನೋದರ ಮೇಲೆ ಹೋಗತ್ತೆ" ಎಂದರು.

ಎರಡನೇ ದಿನ

ಬೆಳಗಿನ ತಿಂಡಿಗೆ ಬಿಸ್ಕತ್ತು. ನಮ್ಮ ಗರಿಗರಿ ಬಿಸ್ಕತ್ತಲ್ಲ, ಮಜ್ಜಿಗೆ ಹಾಕಿ ಬೇಯಿಸಿದ ಮೆತ್ತನೆ ಬನ್ನು. ಈ ಊರು ತನ್ನನ್ನು ತಾನೇ ಜಗತ್ತಿನ ಬಿಸ್ಕತ್ ರಾಜಧಾನಿ ಎಂದು ಕರೆದುಕೊಂಡಿದೆ. ಜೊತೆಗೆ ಗ್ರಿಟ್ಸ್, ಅಂದರೆ ಮುಸುಕಿನ ಜೋಳದ ತರಿಯನ್ನು ಗಂಜಿಯ ಹದಕ್ಕೆ ಬೇಯಿಸಿದ್ದು. ಅಮ್ಮ ಒಂದು ಚಮಚ ತಿಂದು, ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಉದುರಿಸಿಕೊಂಡರು. ಬಡಿಸುವ ಹೆಂಗಸು ಕುತೂಹಲದಿಂದ ಬೆರಳ ತುದಿಯಲ್ಲಿ ರುಚಿ ನೋಡಿ, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಚಿಟಿಕೆ ಕೇಳಿದರು. ಸಸ್ಯಾಹಾರಿಗಳಿಗೆ ಇಲ್ಲಿ ಸೊಪ್ಪು, ಅಲಸಂದೆ ಕಾಳು, ಬೀನ್ಸ್ ನೋಡಿ ಮೋಸ ಹೋಗುವ ಅಪಾಯವುಂಟು. ಎಲ್ಲದರಲ್ಲೂ ರುಚಿಗೆ ಹಂದಿಯ ತುಂಡು ಬಿದ್ದಿರುತ್ತದೆ. ಕೇಳಿಯೇ ತಿನ್ನಬೇಕು. ಹುರಿದ ಬೆಂಡೆಕಾಯಿ, ಹಸಿ ಟೊಮೆಟೊ ಬಜ್ಜಿ ನಮ್ಮನ್ನು ಕಾಪಾಡಿದವು.

ಮಿಸಿಸಿಪಿ ರಾಜ್ಯದ ಫಲಕಗಳದ್ದು ಒಂದೇ ಅಚ್ಚು. ಹಸಿರು ಲೋಹದ ಹಲಗೆ, ನೆತ್ತಿಯ ಮೇಲೆ ಒಂದು ಮ್ಯಾಗ್ನೋಲಿಯಾ ಹೂವು. 1949ರಿಂದ ಇವನ್ನು ನೆಡುತ್ತಾ ಬಂದಿದ್ದಾರೆ. ಬ್ಲೂಸ್ ಸಂಗೀತದ ಜಾಗಗಳಿಗೆ ಬೇರೆಯೇ ನೀಲಿ ಫಲಕ, 2006ರಿಂದ ಈಚಿನವು. ಅಪ್ಪ ಮೊದಲ ಫಲಕದಿಂದಲೇ ಒಂದು ಪದ್ಧತಿ ಶುರು ಮಾಡಿದರು. ತಲೆಬರಹ ಓದುವ ಮೊದಲು ಬಗ್ಗಿ ಕೆಳಗಿನ ಕೊನೆಯ ಸಾಲು ನೋಡುವುದು. ಅಲ್ಲಿ ಇಲಾಖೆಯ ಹೆಸರು, ಬಹುತೇಕ ಫಲಕಗಳಲ್ಲಿ ನೆಟ್ಟ ವರ್ಷ. ದಾಖಲೆ ಕೈಗೆ ಬಂದರೆ ಮೊದಲು ತಾರೀಖು, ಸಹಿ ನೋಡು, ಆಮೇಲೆ ವಿಷಯ ಓದು ಎನ್ನುವುದು ಅವರ ಹಳೆಯ ಕಸುಬಿನ ಪಾಠ. ಮಧ್ಯಾಹ್ನದ ಹೊತ್ತಿಗೆ ನನಗೂ ಅದೇ ಚಟ ಅಂಟಿತು. ಹಳೆಯ ವರ್ಷದವು ಕೋಟೆ, ಗವರ್ನರು, ಬಂಗಲೆ, ಸೇನಾಧಿಕಾರಿಗಳ ಕಥೆ ಹೇಳುತ್ತವೆ. ವರ್ಷ ಈಚೆಗೆ ಬಂದ ಹಾಗೆ ಬೇರೆಯವರ ಹೆಸರು ಕಾಣಿಸತೊಡಗುತ್ತದೆ. ಊರು ಯಾವಾಗ ಯಾವ ಮಾತನ್ನು ಬಾಯಿಬಿಟ್ಟು ಹೇಳಲು ಒಪ್ಪಿತು ಎನ್ನುವುದು ಆ ಕೊನೆಯ ಸಾಲಿನಲ್ಲಿದೆ.

ಎಲಿಕಾಟ್ ಗುಡ್ಡದ ಮೇಲಂತೂ ಅಪ್ಪ ಹಬ್ಬ ಮಾಡಿದರು. ಆಂಡ್ರ್ಯೂ ಎಲಿಕಾಟ್ ಸರ್ವೇಯರ್! ವಾಷಿಂಗ್ಟನ್ ಡಿ.ಸಿ.ಯ ಎಲ್ಲೆ ಅಳೆದವನು. 1791ರಲ್ಲಿ ಆ ಕೆಲಸಕ್ಕೆ ಅವನ ಜೊತೆಗಿದ್ದವನು ಬೆಂಜಮಿನ್ ಬ್ಯಾನೆಕರ್ ಎಂಬ ಸ್ವತಂತ್ರ ಕರಿಯ ಖಗೋಳಜ್ಞ. ನ್ಯಾಚೆಜ್ ಆಗ ಸ್ಪೇನಿನ ಕೈಯಲ್ಲಿತ್ತು. 31 ಡಿಗ್ರಿ ಅಕ್ಷಾಂಶವೇ ಗಡಿ ಎಂದು 1795ರಲ್ಲಿ ಒಪ್ಪಂದವಾಗಿ, ಅದನ್ನು ನೆಲದ ಮೇಲೆ ಗುರುತು ಮಾಡಲು 1797ರಲ್ಲಿ ಎಲಿಕಾಟ್ ಬಂದ. ಸ್ಪೇನಿನವರು ಇವತ್ತು ನಾಳೆ ಎಂದು ಸತಾಯಿಸುತ್ತಿದ್ದರೆ ಇವನು ಈ ಗುಡ್ಡದ ಮೇಲೆ ಅಮೆರಿಕದ ಬಾವುಟ ಏರಿಸಿ ಕೂತ. ಮರುವರ್ಷ ಅವರು ಜಾಗ ಖಾಲಿ ಮಾಡಿದರು. "ಅಳತೆಗೆ ಹೋದಾಗ ಪಕ್ಕದ ಜಮೀನಿನವನು ನಕ್ಷೆ ಸಿಗಲಿಲ್ಲ, ಅಮ್ಮನಿಗೆ ಹುಷಾರಿಲ್ಲ ಅಂತ ಮುಂದೂಡ್ತಾನಲ್ಲ, ಅದೇ" ಎಂದರು ಅಪ್ಪ. ಆ ಕಾಲದ ಗಂಟರ್ ಸರಪಳಿ 66 ಅಡಿ, ನಮ್ಮ ಇಲಾಖೆಯದು ಅದರ ಅರ್ಧ, 33 ಅಡಿ, ಹದಿನಾರಾಣೆ ಗುರುತು, ಒಂದು ಸರಪಳಿ ಚದರ ಒಂದು ಗುಂಟೆ ಎಂದು ಅಮ್ಮನಿಗೆ ವಿವರಿಸುತ್ತಾ ಇಳಿದರು. ಮದುವೆಯಾದಂದಿನಿಂದ ಕೇಳುತ್ತಿದ್ದೇನೆ ಎನ್ನುವ ಮುಖದಲ್ಲಿ ಅಮ್ಮ ಹೂಂಗುಟ್ಟಿದರು.

ಸ್ಟೇಟ್ ಸ್ಟ್ರೀಟ್‌ನಲ್ಲಿ ವಿಲಿಯಂ ಜಾನ್ಸನ್ ಮನೆ. ರಾಷ್ಟ್ರೀಯ ಉದ್ಯಾನ ಇಲಾಖೆಯದು, ಪ್ರವೇಶ ಉಚಿತ, ಆದರೆ ಎಲ್ಲ ದಿನ ತೆರೆದಿರುವುದಿಲ್ಲ, ನೋಡಿಕೊಂಡು ಹೋಗಬೇಕು. ಸಾಧಾರಣ ಇಟ್ಟಿಗೆ ಮನೆ. ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲವಾದ್ದರಿಂದ ಅಲ್ಲಿನ ರೇಂಜರ್ ಪುರುಸೊತ್ತಾಗಿ ಮಾತಿಗಿಳಿದರು.

ಜಾನ್ಸನ್ 1809ರಲ್ಲಿ ಗುಲಾಮನಾಗಿ ಹುಟ್ಟಿದವನು. ಯಜಮಾನನ ಹೆಸರೂ ವಿಲಿಯಂ ಜಾನ್ಸನ್ನೇ, ಅವನೇ ತಂದೆಯೂ ಇರಬೇಕು. ಹನ್ನೊಂದನೇ ವಯಸ್ಸಿಗೆ ಬಿಡುಗಡೆ ಸಿಕ್ಕಿತು. ಕ್ಷೌರ ಕಲಿತ, ಅಂಗಡಿ ಇಟ್ಟ, ಸ್ನಾನಗೃಹ ನಡೆಸಿದ, ಬಿಳಿಯರಿಗೇ ಸಾಲ ಕೊಟ್ಟ. 1840ರ ಸುಂಟರಗಾಳಿಗೆ ಬಿದ್ದ ಕಟ್ಟಡಗಳ ಇಟ್ಟಿಗೆ ತಂದು ಈ ಮನೆ ಕಟ್ಟಿಸಿದ. 1835ರಿಂದ ಸಾಯುವವರೆಗೆ ಹದಿನಾರು ವರ್ಷ ದಿನಚರಿ ಬರೆದ: ಕುದುರೆ ಪಂದ್ಯ, ಹಳದಿ ಜ್ವರ, ಯಾರು ಯಾರಿಗೆ ಚಾಟಿಯಲ್ಲಿ ಹೊಡೆದರು, ಎಷ್ಟು ಬಾಕಿ. ಮತ್ತೆ, ಇವನಿಗೂ ಗುಲಾಮರಿದ್ದರು. ರೇಂಜರ್ ಈ ಮಾತು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು, ಎಲ್ಲರೂ ಮುಂದಿನ ಪ್ರಶ್ನೆ ಕೇಳುತ್ತಾರೆ ಎಂದು ಗೊತ್ತಿದ್ದವರ ಹಾಗೆ. ಅಮ್ಮ ಕೇಳಿದರು: ತಾನೇ ಅನುಭವಿಸಿದವನು ಹೇಗೆ ಮಾಡಿದ? ದಿನಚರಿಯಲ್ಲಿ ಅದಕ್ಕೆ ಉತ್ತರವಿಲ್ಲ ಎಂದರು ರೇಂಜರ್. ಅವನಿಗೆ ಅದು ಪ್ರಶ್ನೆಯಾಗಿಯೇ ಕಂಡಿಲ್ಲ.

1851ರಲ್ಲಿ ಅವನನ್ನು ಹೊಂಚು ಹಾಕಿ ಗುಂಡಿಟ್ಟು ಕೊಂದರು. ಕಾರಣ ಜಮೀನಿನ ಗಡಿ. ಪಕ್ಕದವನು, ಬೇಲರ್ ವಿನ್, ಎಲ್ಲೆ ದಾಟಿ ಮರ ಕಡಿಯುತ್ತಿದ್ದ, ಅಳತೆ ಮಾಡಿಸಿ ತಕರಾರಾಗಿತ್ತು. ಸಾಯುವ ಮೊದಲು ಜಾನ್ಸನ್ ಅವನ ಹೆಸರು ಹೇಳಿದ. ಕಂಡ ಸಾಕ್ಷಿಗಳಿದ್ದರು, ಆದರೆ ಎಲ್ಲರೂ ಕರಿಯರು. ಬಿಳಿಯನ ವಿರುದ್ಧ ಕರಿಯರ ಸಾಕ್ಷಿ ಆ ಕಾನೂನಿನಲ್ಲಿ ನಡೆಯುವುದಿಲ್ಲ. ಊರಿನವರೆಲ್ಲ ವಿನ್‌ನನ್ನು ಮಿಶ್ರ ರಕ್ತದವನೆಂದೇ ತಿಳಿದಿದ್ದರು. ಅವನು ಮಾತ್ರ ನಾನು ಬಿಳಿಯ, ಬೆರೆತಿದ್ದರೆ ಇಲ್ಲಿನ ಮೂಲನಿವಾಸಿ ಇಂಡಿಯನ್ನರ ರಕ್ತ ಎಂದ. ಅವನ ಬಣ್ಣ ಯಾವುದೆಂದು ತೀರ್ಮಾನಿಸಲಾಗದೆ ವಿಚಾರಣೆ ಮೇಲೆ ವಿಚಾರಣೆ ನಡೆದು ಕೊನೆಗೆ ಬಿಡುಗಡೆಯಾದ. ಅಪ್ಪನಿಗೆ ಈ ಕಥೆ ಊರಿನ ಸುದ್ದಿ ಕೇಳಿದ ಹಾಗೆ ಹತ್ತಿರವಾಯಿತು. "ನನ್ನ ಸರ್ವಿಸ್‌ನಲ್ಲಿ ಬದುವಿಗಾಗಿ ತಲೆ ಒಡೆದದ್ದು ಎಷ್ಟು ನೋಡಿಲ್ಲ! ಆದರೆ ಕೊಂದವನ ಜಾತಿ ಯಾವುದು ಅಂತ ಗೊತ್ತಾಗದೆ ಕೇಸು ಬಿದ್ದುಹೋಗಿದ್ದು ಇದೇ ಮೊದಲು ಕೇಳಿದ್ದು." ಆ ದಿನಚರಿ ಅಟ್ಟದಲ್ಲಿ ಬಿದ್ದಿದ್ದು 1951ರಲ್ಲಿ ಪುಸ್ತಕವಾಯಿತು, ಅವನು ಸತ್ತು ಸರಿಯಾಗಿ ನೂರು ವರ್ಷಕ್ಕೆ.

ಊಟ ಮುಗಿಸಿ ಹೊರಟಾಗ ಆಕಾಶ ಕಪ್ಪಾಗಿತ್ತು. ಸೇಂಟ್ ಕ್ಯಾಥರಿನ್ ಸ್ಟ್ರೀಟ್ ಹಿಡಿದು ಪೂರ್ವಕ್ಕೆ ಹೋದರೆ ಊರಿನ ಅಂದ ಇದ್ದಕ್ಕಿದ್ದಂತೆ ಮುಗಿಯುತ್ತದೆ. ಬಂಗಲೆಗಳಿಲ್ಲ, ಹೂಕುಂಡಗಳಿಲ್ಲ. ರಸ್ತೆ ಕವಲೊಡೆಯುವ ಕಡೆ ಟ್ರಾಫಿಕ್ ಸಿಗ್ನಲ್, ಒಂದು ಹುಲ್ಲಿನ ತುಂಡು, ಹಸಿರು ಫಲಕ. ಅಪ್ಪ ಬಗ್ಗಿ ನೋಡಿ, "ತೊಂಬತ್ತರ ದಶಕದ ಕೊನೆ" ಎಂದರು.

ಇದು ಫೋರ್ಕ್ಸ್ ಆಫ್ ದಿ ರೋಡ್, ಅಮೆರಿಕದ ದಕ್ಷಿಣದಲ್ಲಿ ಎರಡನೇ ಅತಿ ದೊಡ್ಡ ಗುಲಾಮರ ಸಂತೆ. ದೊಡ್ಡದು ನ್ಯೂ ಆರ್ಲಿಯನ್ಸ್‌ನದು. 1808ರಲ್ಲಿ ಹೊರದೇಶದಿಂದ ಗುಲಾಮರನ್ನು ತರುವುದು ನಿಷೇಧವಾದ ಮೇಲೆ, ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಸುಮಾರು 10 ಲಕ್ಷ ಜನರನ್ನು ಹತ್ತಿ ಸೀಮೆಗೆ ಮಾರಿದರು. ಹಡಗಿನಲ್ಲಿ ಬಂದವರುಂಟು. ಬಹಳ ಜನ ಸಾವಿರ ಮೈಲಿ ನಡೆದೇ ಬಂದರು, ಗಂಡಸರಿಗೆ ಜೋಡಿ ಜೋಡಿಯಾಗಿ ಸಂಕೋಲೆ. ನಿನ್ನೆ ನಾವು ಕಿಟಕಿ ಇಳಿಸಿಕೊಂಡು ಬಂದ ಟ್ರೇಸ್ ಅವರೂ ನಡೆದ ದಾರಿ. ಮೊದಲು ವ್ಯಾಪಾರ ಊರೊಳಗೇ ಇತ್ತು. 1833ರಲ್ಲಿ ಕಾಲರಾಕ್ಕೆ ಸತ್ತವರ ಹೆಣಗಳನ್ನು ಐಸಾಕ್ ಫ್ರಾಂಕ್ಲಿನ್ ಎಂಬ ವ್ಯಾಪಾರಿ ಕದ್ದು ಅರೆಬರೆ ಹೂಳಿಸಿದ್ದು ಬಯಲಾಗಿ ಊರು ರೊಚ್ಚಿಗೆದ್ದಿತು. ನಗರಸಭೆ ಕಾನೂನು ಮಾಡಿ ವ್ಯಾಪಾರಿಗಳನ್ನು ಎಲ್ಲೆಯಾಚೆ ಕಳಿಸಿತು. ಊರು ಹೆದರಿದ್ದು ವ್ಯಾಪಾರಕ್ಕಲ್ಲ, ರೋಗಕ್ಕೆ. ಎಲ್ಲೆಯಾಚೆ ಎಂದರೆ ಈ ಕವಲು. ಇಲ್ಲಿ ಹರಾಜು ಇರಲಿಲ್ಲ. ಬಟ್ಟೆ ತೊಡಿಸಿ ಸಾಲಾಗಿ ನಿಲ್ಲಿಸುತ್ತಿದ್ದರು, ಕೊಳ್ಳುವವರು ಓಡಾಡಿ, ಬಾಯಿ ತೆರೆಸಿ, ಕೈ ಮಡಿಸಿ ನೋಡಿ, ಚೌಕಾಸಿ ಮಾಡುತ್ತಿದ್ದರು. ಬಿತ್ತನೆ ಕಾಲ, ಬಿಡಿಸುವ ಕಾಲಕ್ಕೆ ತಕ್ಕ ಹಾಗೆ ಬೆಲೆ. ಅಂತರ್ಯುದ್ಧದ ನಡುವೆ, 1863ರ ಜುಲೈನಲ್ಲಿ ಉತ್ತರದ ಸೈನ್ಯ ಊರೊಳಗೆ ಬಂದು ಬೀಡುಬಿಡುವವರೆಗೂ ಇದು ನಡೆಯಿತು. ಆಮೇಲೆ ದೊಡ್ಡಿಗಳನ್ನು ಕಿತ್ತು, ಅದೇ ಹಲಗೆಯಲ್ಲಿ ಸೈನಿಕರಿಗೆ ವಸತಿ ಕಟ್ಟಿದರು.

ನೆಲದಲ್ಲಿ ಒಂದು ಕಡೆ ಕಾಂಕ್ರೀಟು ಹಾಸಿ ಅದರೊಳಗೆ ಸಂಕೋಲೆಗಳನ್ನು ಹುದುಗಿಸಿದ್ದಾರೆ. ತುಕ್ಕು ಹಿಡಿದ ಕಬ್ಬಿಣ, ಅರ್ಧ ಮೇಲೆ, ಅರ್ಧ ಸಿಮೆಂಟಿನೊಳಗೆ. ಕೊರಳಿನದಲ್ಲ, ಕಾಲಿನದು. ಬಳೆಯ ಅಗಲ ನೋಡಿದರೆ ನನ್ನ ಕಣಕಾಲಿಗೂ ಬಿಗಿ. ಅಪ್ಪ ಬೊಬ್ಬೆಗಾಲು ಮರೆತು ಕುಕ್ಕರಗಾಲಲ್ಲಿ ಕೂತು ಕೊಂಡಿ ಕೊಂಡಿ ಎಣಿಸಿದರು. ಯಾಕೆ ಎಣಿಸಿದಿರಿ ಎಂದು ನಾನು ಕೇಳಲಿಲ್ಲ. ಅದು ಅವರ ಅಭ್ಯಾಸ.

ಎಷ್ಟೋ ವರ್ಷ ಇಲ್ಲಿ ಏನೂ ಇರಲಿಲ್ಲ. ಊರಿನ ಕರಿಯ ಸಮುದಾಯದವರು ಪಟ್ಟು ಹಿಡಿದು ಫಲಕ ಹಾಕಿಸಿದ ಮೇಲೂ ಜಾಗ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು 2021ರಲ್ಲಿ. ಬಂಗಲೆಗಳ ಮೆರವಣಿಗೆ 1932ರಿಂದಲೇ ನಡೆದಿದೆ. ಗಾರ್ಡನ್ ಕ್ಲಬ್ಬಿನ ಹೆಂಗಸರು ಹಳೆಯ ನಿಲುವಂಗಿ ತೊಟ್ಟು, ಟಿಕೆಟ್ ಇಟ್ಟು, ಮನೆ ತೋರಿಸುವ ವಸಂತದ 'ಪಿಲ್ಗ್ರಿಮೇಜ್' ಇವತ್ತಿಗೂ ಊರಿನ ಆದಾಯ. ನಮ್ಮ ಕಡೆ ವೀರಗಲ್ಲು ಸತ್ತವನಿಗೆ ನಿಲ್ಲುತ್ತದೆ, ಇಲ್ಲಿ ಬಹುಕಾಲ ಬದುಕಿ ಬಾಳಿದವನ ಮನೆಗೆ ನಿಂತಿದೆ.

ಮಳೆ ಬಂತು. ಬಂತು ಎಂದರೆ ವೈಪರ್ ಹಾಕಿದರೂ ಬಾನೆಟ್ ಕಾಣದ ಮಳೆ. ಅದೇ ಬೀದಿಯಲ್ಲಿ ಹಿಂದೆ ಬಂದು ಒಂದು ನೀಲಿ ಫಲಕದ ಪಕ್ಕ ಕಾರು ನಿಲ್ಲಿಸಿ ಕೂತೆವು. ರಿದಂ ನೈಟ್‌ಕ್ಲಬ್ ಇದ್ದ ಜಾಗ. ಮಳೆ ಸ್ವಲ್ಪ ಸಣ್ಣಗಾದಾಗ ಪಕ್ಕದ ಪುಟ್ಟ ಮ್ಯೂಸಿಯಂನಿಂದ ಹೆಂಗಸೊಬ್ಬರು ಛತ್ರಿ ಹಿಡಿದು ಬಂದು ಅಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಒಂದೇ ಕೋಣೆ, ಗೋಡೆ ತುಂಬ ಫೋಟೊ. 1940ರ ಏಪ್ರಿಲ್ 23ರ ರಾತ್ರಿ ಷಿಕಾಗೊದಿಂದ ವಾಲ್ಟರ್ ಬಾರ್ನ್ಸ್‌ನ ವಾದ್ಯಗೋಷ್ಠಿ ಬಂದಿತ್ತು. ಊರಿನ ಕರಿಯರ ಪೈಕಿ ಟೀಚರು, ಶಾಲೆ ಮುಗಿಸುತ್ತಿದ್ದ ಮಕ್ಕಳು, ಅಂಗಡಿಯವರು, ಯಾರು ಒಳ್ಳೆಯ ಬಟ್ಟೆ ಹೊಲಿಸಿಕೊಂಡಿದ್ದರೋ ಅವರೆಲ್ಲ ಸೇರಿದ್ದರು. ತಗಡಿನ ಕಟ್ಟಡ. ಅಲಂಕಾರಕ್ಕೆಂದು ಸೂರಿಗೆಲ್ಲ ಸ್ಪ್ಯಾನಿಷ್ ಮಾಸ್ ಇಳಿಬಿಟ್ಟಿದ್ದರು. ಇಲ್ಲಿನ ಮರಗಳಲ್ಲಿ ಬೂದು ಬಣ್ಣದ ಜಡೆಯಾಗಿ ತೂಗುವ ಅದೇ ಬಳ್ಳಿ. ಹುಳ ಬೀಳದಿರಲಿ ಎಂದು ಅದಕ್ಕೆ ಎಣ್ಣೆ ಕೀಟನಾಶಕ ಸಿಂಪಡಿಸಿದ್ದರು. ಟಿಕೆಟ್ ಇಲ್ಲದವರು ಇಣುಕದಿರಲಿ ಎಂದು ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಇದ್ದದ್ದು ಒಂದು ಬಾಗಿಲು, ಅದೂ ಒಳಕ್ಕೆ ತೆರೆಯುವಂಥದ್ದು. ಬೆಂಕಿ ಹತ್ತಿದಾಗ ಜನ ನುಗ್ಗದಿರಲಿ ಎಂದು ಬಾರ್ನ್ಸ್ ವಾದ್ಯ ನುಡಿಸುತ್ತಲೇ ಇದ್ದನಂತೆ. 209 ಜನ ಸತ್ತರು. ಅವನೂ, ಅವನ ಗೋಷ್ಠಿಯ ಹೆಚ್ಚಿನವರೂ. "ಈ ಊರಲ್ಲಿ ಹುಟ್ಟಿದ ಕರಿಯರಲ್ಲಿ ಯಾರನ್ನೇ ಕೇಳಿ, ಮನೆಯಲ್ಲೊಬ್ಬರು ಆ ರಾತ್ರಿ ಹೋಗಿದ್ದರು, ಇಲ್ಲವೆ ಹೊರಟು ಏನೋ ಕಾರಣಕ್ಕೆ ಉಳಿದಿದ್ದರು" ಎಂದರು ಆಕೆ.

ಅಮ್ಮ ಫೋಟೊಗಳಲ್ಲಿ ಹುಡುಗಿಯರ ಫ್ರಾಕುಗಳನ್ನು ನೋಡುತ್ತಾ ನಿಂತಿದ್ದರು. ಹೊರಡುವಾಗ ಆಕೆಯ ಕೈಗೆ ಉಳಿದ ಕೋಡುಬಳೆ ಪೊಟ್ಟಣ ಕೊಟ್ಟುಬಂದರು.

ಮೂರನೇ ದಿನ

ಲಾಂಗ್‌ವುಡ್ ನೋಡದೆ ಹೋಗಬೇಡಿ ಎಂದು ಮೋಟೆಲ್‌ನವರು ಒತ್ತಾಯ ಮಾಡಿದ್ದರು. ಟಿಕೆಟ್ ಕೊಂಚ ದುಬಾರಿ, ಆದರೆ ಬಂಗಲೆಗಳಲ್ಲಿ ಒಂದನ್ನೇ ನೋಡುವುದಾದರೆ ಇದನ್ನೇ ನೋಡಿ. ಎಂಟು ಮೂಲೆಯ, ಆರಂತಸ್ತಿನ, ನೆತ್ತಿಯಲ್ಲಿ ಈರುಳ್ಳಿ ಗುಮ್ಮಟದ ವಿಚಿತ್ರ. ಹಾಲರ್ ನಟ್ ಎಂಬ ಹತ್ತಿ ಧಣಿ 1860ರಲ್ಲಿ ಫಿಲಡೆಲ್ಫಿಯಾದ ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ಸ್ಲೋನ್‌ನಿಂದ ನಕ್ಷೆ ಬರೆಸಿ ಶುರು ಮಾಡಿದ. 1861ರಲ್ಲಿ ಅಂತರ್ಯುದ್ಧ ಬಂತು. ಉತ್ತರದಿಂದ ಬಂದಿದ್ದ ಬಡಗಿಗಳು ಕೈಯಲ್ಲಿದ್ದ ಉಪಕರಣ ಅಲ್ಲೇ ಇಟ್ಟು ಊರಿಗೆ ಓಡಿದರು. 32 ಕೋಣೆಯ ಯೋಜನೆಯಲ್ಲಿ ನೆಲಮಾಳಿಗೆಯ ಒಂಬತ್ತು ಮಾತ್ರ, ಮನೆಯ ಗುಲಾಮರು ಮತ್ತು ಸ್ಥಳೀಯರ ಕೈಯಲ್ಲಿ, ಮುಗಿದವು. ನಟ್ 1864ರಲ್ಲಿ ಸತ್ತ, ಹೆಂಡತಿ ಮಕ್ಕಳು ಆ ನೆಲಮಾಳಿಗೆಯಲ್ಲೇ ಬದುಕಿದರು. ಕೆಳಗೆ ಸೋಫಾ, ಪಿಂಗಾಣಿ, ತೈಲಚಿತ್ರ. ಮೆಟ್ಟಿಲು ಹತ್ತಿದರೆ ಬರಿಯ ಇಟ್ಟಿಗೆ, ತೊಲೆ, ಬಣ್ಣದ ಡಬ್ಬಿ, ಸಾಮಾನು ಬಂದ ಪೆಟ್ಟಿಗೆಗಳು, ತಲೆಯೆತ್ತಿದರೆ ಗುಮ್ಮಟದವರೆಗೂ ಖಾಲಿ. ಗೈಡ್ ಹೆಂಗಸಿಗೆ ಯುದ್ಧಕ್ಕೆ ಮುಂಚೆ ಇಲ್ಲಿ ಎಷ್ಟು ಲಕ್ಷಾಧೀಶರಿದ್ದರು ಎಂದು ಹೇಳುವ ಉತ್ಸಾಹ. ಊರು 1862ರಲ್ಲೇ ಉತ್ತರದ ನೌಕಾಪಡೆಗೆ ಹೋರಾಡದೆ ಶರಣಾಗಿದ್ದರಿಂದಲೇ ಈ ಬಂಗಲೆಗಳೆಲ್ಲ ಉಳಿದವು ಎನ್ನುವುದನ್ನು ಆಕೆ ತುಸು ಬೇಗ ಹೇಳಿ ಮುಗಿಸಿದರು.

ಅಲ್ಲಿಂದ ಸಿಟಿ ಆಡಿಟೋರಿಯಂ. ಇದು ಹೆಚ್ಚಿನ ಪ್ರವಾಸಿಗರು ಹೋಗದ ಜಾಗ. 1965ರ ಅಕ್ಟೋಬರ್‌ನಲ್ಲಿ ಮತದಾನದ ಹಕ್ಕಿಗಾಗಿ, ಸಮಾನತೆಗಾಗಿ ಮೆರವಣಿಗೆ ಹೊರಟ ನೂರಾರು ಜನರನ್ನು ಪರವಾನಗಿ ಇಲ್ಲ ಎಂದು ಹಿಡಿದರು. ಜೈಲು ತುಂಬಿ, ಈ ಸಭಾಂಗಣಕ್ಕೆ ತಂದು ಕೂಡಿಹಾಕಿದರು. ಅವರಲ್ಲಿ ಸುಮಾರು 150 ಮಂದಿಯನ್ನು ಬಸ್ಸಿನಲ್ಲಿ ತುಂಬಿ ಇನ್ನೂರು ಮೈಲಿ ದೂರದ ಪಾರ್ಚ್‌ಮನ್ ಸೆರೆಮನೆಗೆ ಒಯ್ದರು. ಯಾರ ಮೇಲೂ ತೀರ್ಪಾಗಿರಲಿಲ್ಲ. ಅಲ್ಲಿ ಬಟ್ಟೆ ಬಿಚ್ಚಿಸಿ, ಭೇದಿ ಔಷಧ ಕುಡಿಸಿ, ಚಳಿಯಲ್ಲಿ ಕಬ್ಬಿಣದ ಮಂಚದ ಮೇಲೆ ಮಲಗಿಸಿದರು. ನಗರಸಭೆ ಕ್ಷಮೆ ಕೇಳಿದ್ದು 2015ರಲ್ಲಿ. ಹೆಸರುಗಳನ್ನು ಕೆತ್ತಿದ ಕಪ್ಪು ಕಲ್ಲಿನ ಸ್ಮಾರಕ ನಿಂತಿದ್ದು 2019ರಲ್ಲಿ.

ನಾವು ಓದುತ್ತಿದ್ದಾಗ ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಿಂತರು. ಎಲ್ಲಿಯವರು ಎಂದು ವಿಚಾರಿಸಿ, ತಮ್ಮ ಅಕ್ಕನ ಹೆಸರು ಇಲ್ಲಿದೆ ಎಂದು ಬೆರಳಿಟ್ಟು ತೋರಿಸಿದರು. ಆಕೆ ಬದುಕಿದ್ದಾಗ ಪಾರ್ಚ್‌ಮನ್ ವಿಷಯ ಮನೆಯಲ್ಲಿ ಒಮ್ಮೆಯೂ ಮಾತಾಡಲಿಲ್ಲವಂತೆ. ಇವರಿಗೆ ಗೊತ್ತಾಗಿದ್ದು ಕಲ್ಲಿನಲ್ಲಿ ಹೆಸರು ಹಾಕಲು ಪಟ್ಟಿ ಮಾಡುವಾಗ. ಮುಂದೆ ಏನು ನೋಡುತ್ತೀರಿ ಎಂದಾಗ ಮೈನರ್ ಸ್ಟ್ರೀಟ್ ಎಂದೆ. ತಿರುವು ಸರಿಯಾಗಿ ಹೇಳಿ, ನಾಯಿಯನ್ನು ಎಳೆದುಕೊಂಡು ಹೋದರು.

ಮೈನರ್ ಸ್ಟ್ರೀಟ್ ಮಾಮೂಲಿ ವಸತಿ ಬೀದಿ. ಅಲ್ಲಿ ವಾರ್ಲೆಸ್ಟ್ ಜಾಕ್ಸನ್‌ನ ನೆನಪಿನ ಗುರುತು ಇದೆ. ಕೊರಿಯಾ ಯುದ್ಧದಲ್ಲಿ ದುಡಿದವನು, ಆರ್ಮ್‌ಸ್ಟ್ರಾಂಗ್ ಟೈರ್ ಕಾರ್ಖಾನೆಯ ಕೆಲಸಗಾರ, ಕರಿಯರ ಹಕ್ಕುಗಳ ಸಂಘದ ಖಜಾಂಚಿ. ಅದುವರೆಗೆ ಬಿಳಿಯರಿಗೇ ಮೀಸಲಾಗಿದ್ದ ಕೆಲಸಕ್ಕೆ ಅವನಿಗೆ ಬಡ್ತಿ ಸಿಕ್ಕಿತು, ಗಂಟೆಗೆ 17 ಸೆಂಟ್ ಹೆಚ್ಚು. 1967ರ ಫೆಬ್ರುವರಿ 27ರ ಸಂಜೆ ಪಾಳಿ ಮುಗಿಸಿ ಮನೆಗೆ ಬರುತ್ತಿದ್ದಾಗ ಅವನ ಪಿಕಪ್ ಟ್ರಕ್ಕಿನ ಅಡಿ ಇಟ್ಟಿದ್ದ ಬಾಂಬು ಸಿಡಿಯಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಅಪ್ಪ ಇಳಿದು, ಓದಿ, ಬಂದು ಸೀಟ್ ಬೆಲ್ಟ್ ಹಾಕಿಕೊಂಡು, "ಹದಿನೇಳು ಸೆಂಟು ಅಂದ್ರೆ ಆಗ ನಮ್ಮ ದುಡ್ಡಲ್ಲಿ ಒಂದೂಕಾಲು ರೂಪಾಯಿ" ಎಂದರು. ಮೈಲಿಗಟ್ಟಲೆ ಆ ಲೆಕ್ಕದಲ್ಲೇ ಇದ್ದರು.

ಊರು ಬಿಟ್ಟು 61ನೇ ಹೆದ್ದಾರಿಯಲ್ಲಿ ಆರು ಮೈಲಿ ಬಂದರೆ ವಾಷಿಂಗ್ಟನ್ ಎಂಬ ಹಳ್ಳಿ. 1802ರಿಂದ ಮಿಸಿಸಿಪಿ ಪ್ರಾಂತ್ಯದ ರಾಜಧಾನಿಯಾಗಿತ್ತು, ಈಗ ಕಣ್ಣು ಮಿಟುಕಿಸಿದರೆ ದಾಟಿಹೋಗುತ್ತದೆ. ಹಳೆಯ ಜೆಫರ್ಸನ್ ಕಾಲೇಜಿನ ಓಕ್ ಮರಗಳ ಹತ್ತಿರ ಪುಳಿಯೋಗರೆ ಮುಗಿಸೋಣ ಎಂದು ನಿಲ್ಲಿಸಿದೆವು. ತಿನ್ನುತ್ತಾ ರೇಂಜರ್ ಹೇಳಿದ್ದ ಇನ್ನೊಂದು ಕಥೆ ಅಮ್ಮನಿಗೆ ಹೇಳಿದೆ. ಪಶ್ಚಿಮ ಆಫ್ರಿಕಾದ ಫುಟಾ ಜಾಲೊನ್‌ನ ದೊರೆಯ ಮಗ, ಅಬ್ದುಲ್ ರಹಮಾನ್ ಇಬ್ರಾಹಿಮಾ. ಯುದ್ಧದಲ್ಲಿ ಸೆರೆಸಿಕ್ಕಿ 1788ರಲ್ಲಿ ನ್ಯಾಚೆಜ್‌ಗೆ ಬಂದ, ಥಾಮಸ್ ಫಾಸ್ಟರ್ ಎಂಬವನು ಕೊಂಡ. 1807ರಲ್ಲಿ ಇದೇ ವಾಷಿಂಗ್ಟನ್ನಿನ ಮಾರುಕಟ್ಟೆಯಲ್ಲಿ ಗೆಣಸು ಮಾರುತ್ತಿದ್ದಾಗ ಕುದುರೆ ಮೇಲೆ ಬಂದ ಡಾಕ್ಟರ್ ಜಾನ್ ಕಾಕ್ಸ್ ಅವನನ್ನು ಗುರುತು ಹಿಡಿದ. ಎಷ್ಟೋ ವರ್ಷದ ಹಿಂದೆ ಆಫ್ರಿಕಾದ ಕಾಡಿನಲ್ಲಿ ದಾರಿ ತಪ್ಪಿ ಕಾಯಿಲೆ ಬಿದ್ದಿದ್ದ ಈ ಕಾಕ್ಸ್‌ನನ್ನು ಉಳಿಸಿ, ತಿಂಗಳುಗಟ್ಟಲೆ ಅರಮನೆಯಲ್ಲಿ ಇಟ್ಟುಕೊಂಡಿದ್ದವನು ಇಬ್ರಾಹಿಮಾನ ತಂದೆ. ಕಾಕ್ಸ್ ಸಾವಿರ ಡಾಲರ್ ಕೊಡುತ್ತೇನೆಂದ. ಫಾಸ್ಟರ್ ಒಪ್ಪಲಿಲ್ಲ. ಅಷ್ಟು ಒಳ್ಳೆಯ ಮೇಸ್ತ್ರಿ ಬೇರೆಲ್ಲಿ ಸಿಗುತ್ತಾನೆ? ಮತ್ತೆ ಇಪ್ಪತ್ತೊಂದು ವರ್ಷ ಕಳೆದು, ಅರಬ್ಬಿಯಲ್ಲಿ ಬರೆದ ಒಂದು ಪತ್ರ ಮೊರಾಕೊ, ವಾಷಿಂಗ್ಟನ್ ಡಿ.ಸಿ. ಸುತ್ತಿ, ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್‌ನ ಕಾಲದಲ್ಲಿ, 1828ರಲ್ಲಿ ಬಿಡುಗಡೆ ಸಿಕ್ಕಿತು. ದೇಶ ಬಿಟ್ಟು ಹೋಗಬೇಕೆನ್ನುವ ಷರತ್ತಿನ ಮೇಲೆ.

"ಹೆಂಡತಿ?" ಎಂದರು ಅಮ್ಮ.

ಊರಿನವರು ಚಂದಾ ಎತ್ತಿ ಇನ್ನೂರು ಡಾಲರಿಗೆ ಬಿಡಿಸಿದರು ಎಂದೆ.

"ಮಕ್ಕಳು?"

ಅವರಿಗಾಗಿ ಉತ್ತರದ ಊರೂರು ತಿರುಗಿ ದುಡ್ಡು ಕೂಡಿಸಿದ, ಸಾಲಲಿಲ್ಲ. ಮರುವರ್ಷ ಲೈಬೀರಿಯಾ ಮುಟ್ಟಿ, ತನ್ನ ಊರಿಗೆ ಹೋಗುವ ಮೊದಲೇ ಮನ್ರೋವಿಯಾದಲ್ಲಿ ಜ್ವರಕ್ಕೆ ಸತ್ತ. ಕೂಡಿಸಿದ್ದ ದುಡ್ಡಿನಲ್ಲಿ ಆಮೇಲೆ ಮಕ್ಕಳು, ಮೊಮ್ಮಕ್ಕಳಲ್ಲಿ ಎಂಟು ಜನ ಬಿಡುಗಡೆಯಾಗಿ ಅವನ ಹೆಂಡತಿಯ ಹತ್ತಿರ ಹೋದರು. ಉಳಿದವರು ಇಲ್ಲೇ, ಫಾಸ್ಟರ್ ಮನೆತನದ ಹೊಲಗಳಲ್ಲಿ.

ಅಮ್ಮ ಡಬ್ಬಿ ಮುಚ್ಚಿ, "ಎಂಟು ಜನರನ್ನ ಆರಿಸಿದವರು ಯಾರಂತೆ?" ಎಂದು ಕೇಳಿದರು. ರೇಂಜರ್‌ಗೆ ನಾನು ಈ ಪ್ರಶ್ನೆ ಕೇಳಿರಲಿಲ್ಲ. ಅಪ್ಪ ಆಗಲೇ ರಸ್ತೆಯಾಚೆ ಇನ್ನೊಂದು ಹಸಿರು ಫಲಕದ ಬುಡದಲ್ಲಿ ಬಗ್ಗಿ ವರ್ಷ ನೋಡುತ್ತಿದ್ದರು.